ಅಂಚೆಗೆ ಹಾಕದ ಲಕೋಟೆ

ಕತೆ ಬರೆಯುವವರಿಗೆ ಒಂದು ಅನುಕೂಲವಿದೆ. ತಾವು ಮಾಡಿದ ತಪ್ಪನ್ನು ಯಾವುದೋ ಪಾತ್ರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದು. ಇಪ್ಪತ್ತು ವರ್ಷ ನಾವು ಈ ಅನುಕೂಲವನ್ನು ಧಾರಾಳವಾಗಿಯೇ ಬಳಸಿಕೊಂಡೆವು. ನಮ್ಮ ಕತೆಗಳಲ್ಲಿ ಓದು ಅರ್ಧಕ್ಕೆ ನಿಂತ ಅಕ್ಕಂದಿರು ಬರುತ್ತಾರೆ, ಮದುವೆಯಾಗಿ ದೂರದ ಊರು ಸೇರಿದವರು ಬರುತ್ತಾರೆ, ಕಿಟಕಿಯಲ್ಲಿ ನಿಂತು ಶಾಲೆಗೆ ಹೋಗುವ ಮಕ್ಕಳನ್ನು ನೋಡುವವರು ಬರುತ್ತಾರೆ. ಒಂದು ಸಭೆಯಲ್ಲಿ ಹಿರಿಯರೊಬ್ಬರು ನಮ್ಮನ್ನು ಹೆಣ್ಣುಮಕ್ಕಳ ಮೌನಕ್ಕೆ ದನಿ ಕೊಟ್ಟವರೆಂದು ಹೊಗಳಿದಾಗ ಶಾಲು ಹೊದ್ದುಕೊಂಡು, ತಲೆ ತಗ್ಗಿಸಿ ಕುಳಿತಿದ್ದೆವು. ವಿನಯದಿಂದ ತಗ್ಗಿಸಿದ ತಲೆ ಎಂದು ಜನ ತಿಳಿದಿರಬೇಕು. ಅಂಥ ಒಂದು ಮೌನಕ್ಕೆ ನಾವೇ ಕಾರಣವೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿ ‘ನಾವು’ ಎಂದರೆ ನಾವೊಬ್ಬರೇ. ಬೀದರದ ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿ, ಆಮೇಲೆ ಕನ್ನಡಕ್ಕೆ ಬಂದವರು. ಅಲ್ಲಿಯ ‘ಹಮ್’ ಇಲ್ಲಿ ‘ನಾವು’ ಆಗಿ ಉಳಿದುಬಿಟ್ಟಿತು. ಓದುಗರು ಸಹಿಸಿಕೊಳ್ಳಬೇಕು.

ನಡೆದದ್ದು 1994ರಲ್ಲಿ. ನಮಗೆ ಹದಿಮೂರು ವರ್ಷ. ನಮ್ಮ ಆಪಾಗೆ ಹದಿನೆಂಟು. ಅವಳು ಆ ವರ್ಷ ಪಿ.ಯು.ಸಿ. ಪಾಸಾಗಿದ್ದಳು. ನಮ್ಮ ಖಾನ್‌ದಾನಿನಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು. ಶಿಕ್ಷಕಿಯಾಗಬೇಕೆಂಬುದು ಅವಳ ಆಸೆ. ಟಿ.ಸಿ.ಎಚ್. ತರಬೇತಿಗೆ ಅರ್ಜಿ ತರಿಸಿಕೊಂಡಿದ್ದಳು. ಅಬ್ಬಾ ಬಿದ್ರಿ ಕಾರೀಗರರು. ಚೌಬಾರಾದ ಆಸುಪಾಸಿನ ಓಣಿಯೊಂದರಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಕಾರಖಾನೆ. ಮೊದಲಿಗೆ ಅವರು ಬೇಡವೆಂದರು. ಹುಡುಗಿ ಊರು ಬಿಟ್ಟು ಹೋಗಿ ಹಾಸ್ಟೆಲಿನಲ್ಲಿ ಇರುವುದು ಅವರಿಗೆ ಸರಿಬರಲಿಲ್ಲ. ಆಪಾ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಅಬ್ಬಾ ಮಾತಾಡದೆ ಅರ್ಜಿಗೆ ಸಹಿ ಹಾಕಿದರು. ಪೋಸ್ಟಲ್ ಆರ್ಡರಿಗೆ, ರಿಜಿಸ್ಟರ್ ಮಾಡುವುದಕ್ಕೆ ಎಂದು ನಲವತ್ತು ರೂಪಾಯಿ ಎಣಿಸಿ ನಮ್ಮ ಕೈಗಿಟ್ಟರು. ಮರುದಿನ ಕೊನೆಯ ದಿನ, ಇವತ್ತೇ ಹಾಕಿ ಬಾ ಎಂದರು.

ದಾರಿಯಲ್ಲಿ ಗೆಳೆಯರು ಸಿಕ್ಕರು. ಟಾಕೀಸಿನಲ್ಲಿ ಹೊಸ ಪಿಕ್ಚರು. ಒಂದು ಟಿಕೀಟಿನ ದುಡ್ಡು ತೆಗೆದರೆ ಏನಾದೀತು, ನಾಳೆ ಅಮ್ಮಿಯ ಹತ್ತಿರ ಕೇಳಿ ಸರಿಮಾಡಿದರಾಯಿತು ಎಂದುಕೊಂಡೆವು. ಪಿಕ್ಚರು ಬಿಟ್ಟಾಗ ಅಂಚೆ ಕಚೇರಿಯ ಕೌಂಟರು ಮುಚ್ಚಿತ್ತು. ರಾತ್ರಿ ಆಪಾ ಕೇಳಿದಳು, ಹಾಕಿದೆಯಾ? ಹೂಂ ಅಂದೆವು. ರಸೀದಿ? ಎಲ್ಲೋ ಬಿತ್ತು ಅಂದೆವು. ಮರುದಿನ ಅಮ್ಮಿಯ ಹತ್ತಿರ ದುಡ್ಡು ಕೇಳಲು ಬಾಯಿ ಬರಲಿಲ್ಲ. ಅದರ ಮರುದಿನ ಹಾಕಿ ಉಪಯೋಗವಿರಲಿಲ್ಲ. ಲಕೋಟೆಯನ್ನು ಕಾರಖಾನೆಯ ಮೂಲೆಯಲ್ಲಿದ್ದ ಮಣ್ಣಿನ ಚೀಲದ ಕೆಳಗೆ ತುರುಕಿದೆವು. ಒಂದು ತಿಂಗಳ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ, ತೆಗೆದು ಒಲೆಗೆ ಹಾಕಿದೆವು.

ಆಪಾ ಎರಡು ತಿಂಗಳು ಟಪಾಲಿನವನ ದಾರಿ ಕಾದಳು. ಮುಂದಿನ ವರ್ಷ ಔರಾದಿನಿಂದ ಸಂಬಂಧ ಬಂತು. ಕಿರಾಣಿ ಅಂಗಡಿಯ ಮನೆತನ, ಒಳ್ಳೆಯ ಜನ. ನಿಕಾಹ್ ಆಯಿತು.

ಇದಿಷ್ಟೇ. ಓದುವವರಿಗೆ ಚಿಕ್ಕ ಹುಡುಗನ ಚಿಕ್ಕ ತಪ್ಪು ಎನಿಸಬಹುದು. ನಮಗೂ ಬಹಳ ವರ್ಷ ಹಾಗೆಯೇ ಅನಿಸಿತ್ತು, ಅಥವಾ ಹಾಗೆ ಅನಿಸುವಂತೆ ಮಾಡಿಕೊಂಡಿದ್ದೆವು. ಆದರೆ ನಲವತ್ತು ದಾಟಿದ ಮೇಲೆ ಅದು ರಾತ್ರಿ ಹೊತ್ತು ಎದ್ದು ಕೂಡತೊಡಗಿತು. ಕೊರೊನಾ ಕಾಲದಲ್ಲಿ ಮನೆಯೊಳಗೇ ಉಳಿದ ದಿನಗಳಲ್ಲಿ ನಿದ್ದೆ ಪೂರ್ತಿ ಹೋಯಿತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಫಜರ್ ಅಜಾನಿನವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಎದೆ ಹಿಡಿದಂತಾಗುತ್ತಿತ್ತು. ಇ.ಸಿ.ಜಿ. ತೆಗೆಸಿದೆವು, ಹೃದಯ ಸರಿಯಾಗಿತ್ತು. ಕನ್ನಡದಲ್ಲಿ ಇದಕ್ಕೆ ‘ಹಳಹಳಿ’ ಎಂಬ ಒಳ್ಳೆಯ ಮಾತಿದೆ. ಉರ್ದುವಿನ ‘ಪಛತಾವಾ’ಕ್ಕಿಂತ ಹೆಚ್ಚು ದೇಹಕ್ಕೆ ಹತ್ತುವ ಮಾತು.

ನಮ್ಮ ಊರಿನಲ್ಲಿ ಹಳೆಯದನ್ನು ಎತ್ತದಿರುವುದು ಒಂದು ಸಂಪ್ರದಾಯವೇ ಆಗಿದೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದಾಗ ಈ ಭಾಗದಲ್ಲಿ ನಡೆದದ್ದನ್ನು ನೋಡಿಕೊಂಡು ಬರಲು ಪಂಡಿತ ಸುಂದರಲಾಲರ ಸಮಿತಿ ಬಂದಿತ್ತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಅದು ಹೆಸರಿಸಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಅದಕ್ಕೂ ಮೊದಲು ರಜಾಕಾರರ ಕೈಯಲ್ಲಿ ನೊಂದ ಮನೆಗಳೂ ಇದೇ ಜಿಲ್ಲೆಯಲ್ಲಿವೆ. ಎರಡೂ ಕಡೆಯ ಹಿರಿಯರು ಮಾತಾಡದೆ ಹೋದರು. ನಮ್ಮ ದಾದಿ ಭಾಲ್ಕಿ ಕಡೆಯ ಹಳ್ಳಿಯವರು. ಆ ದಿನಗಳ ಬಗ್ಗೆ ಕೇಳಿದರೆ “ಗುಜರ್ ಗಯಾ, ಬಾಬಾ” ಎಂದು ಎಲೆಅಡಿಕೆಯ ಡಬ್ಬಿ ಮುಚ್ಚುತ್ತಿದ್ದರು. ತಮಗಾದ ನೋವನ್ನು ಅವರು ಹಾಗೆ ಮುಚ್ಚಿಟ್ಟರು. ಅವರ ಮೊಮ್ಮಗನಾದ ನಾವು ತಾವೇ ಮಾಡಿದ ತಪ್ಪಿಗೂ ಅದೇ ಮಾತನ್ನು ಹೊದಿಸಿದೆವು. ಇವೆರಡೂ ಒಂದೇ ಅಲ್ಲವೆಂದು ತಿಳಿಯಲು ಬಹಳ ಕಾಲ ಹಿಡಿಯಿತು.

ಬೀದರದ ವೈದ್ಯರೊಬ್ಬರು ನಿದ್ದೆಗೆ ಔಷಧಿ ಕೊಟ್ಟರು, ಆಮೇಲೆ ಮನೋವೈದ್ಯರಿಗೆ ತೋರಿಸಿ ಎಂದರು. ಮನೋವೈದ್ಯರು ಎರಡು ಸಲ ಮಾತಾಡಿಸಿ, ಇದಕ್ಕೆ ಮಾತ್ರೆಗಿಂತ ಮಾತು ಬೇಕು ಎಂದು ಹೈದರಾಬಾದಿನ ಒಬ್ಬ ಆಪ್ತಸಲಹೆಗಾರ್ತಿಯ ಹೆಸರು ಬರೆದುಕೊಟ್ಟರು. ಅವರು ಬೇರೆ ಚಿಕಿತ್ಸೆಗಳ ಜೊತೆಗೆ ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆಯನ್ನೂ ಮಾಡುತ್ತಾರೆ ಎಂದರು.

ಸಮ್ಮೋಹನ ಎಂದೊಡನೆ ನಮಗೆ ನೆನಪಾದದ್ದು ಎರಡು. ಒಂದು, ಬಸ್ ನಿಲ್ದಾಣದ ಗೋಡೆಗಳ ಮೇಲಿನ ವಶೀಕರಣದ ಜಾಹೀರಾತು. ಇನ್ನೊಂದು, ಶಾಲೆಯ ದಿನಗಳಲ್ಲಿ ನೋಡಿದ ಜಾದೂಗಾರನ ಆಟ. ಕೋಟು ತೊಟ್ಟವನೊಬ್ಬ ಮುಂದಿನ ಸಾಲಿನ ಹುಡುಗನನ್ನು ಕರೆದು, ಕಣ್ಣಲ್ಲಿ ಕಣ್ಣಿಟ್ಟು, ಈರುಳ್ಳಿಯನ್ನು ಸೇಬು ಎಂದು ತಿನ್ನಿಸಿದ್ದ. ಬರೆಯುವವರ ಸ್ವಭಾವ, ಹೋಗುವ ಮೊದಲು ಸಿಕ್ಕಷ್ಟು ಓದಿಕೊಂಡೆವು.

ಹದಿನೆಂಟನೆಯ ಶತಮಾನದಲ್ಲಿ ಮೆಸ್ಮರ್ ಎಂಬ ವೈದ್ಯ ಪ್ಯಾರಿಸಿನಲ್ಲಿ ‘ಪ್ರಾಣಿ ಅಯಸ್ಕಾಂತ ಶಕ್ತಿ’ಯಿಂದ ರೋಗ ಗುಣಪಡಿಸುತ್ತೇನೆಂದು ಹೆಸರು ಮಾಡಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಾವೋಸಿಯೆ ಮುಂತಾದವರಿದ್ದರು. ಅಂಥ ಶಕ್ತಿ ಯಾವುದೂ ಇಲ್ಲ, ನಡೆಯುವುದೆಲ್ಲ ರೋಗಿಯ ಕಲ್ಪನೆಯಿಂದ ಎಂದು ಅವರು ತೀರ್ಮಾನಿಸಿದರು. ಆದರೆ ಕಲ್ಪನೆಯಿಂದಲೇ ಇಷ್ಟು ಆಗುವುದಾದರೆ ಆ ಕಲ್ಪನೆ ಎಂಥದು ಎಂಬ ಪ್ರಶ್ನೆ ಉಳಿಯಿತು. 1843ರಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಇದನ್ನು ಗಮನದ ಏಕಾಗ್ರತೆಯ ಸ್ಥಿತಿ ಎಂದು ವಿವರಿಸಿ ಪುಸ್ತಕ ಬರೆದ. ‘ಹಿಪ್ನಾಟಿಸಂ’ ಎಂಬ ಹೆಸರು ಚಲಾವಣೆಗೆ ಬಂದದ್ದು ಅವನಿಂದಲೇ. ಗ್ರೀಕಿನಲ್ಲಿ ಹಿಪ್ನೋಸ್ ಎಂದರೆ ನಿದ್ರೆ. ಉರ್ದುವಿನಲ್ಲಿಯೂ ಇದಕ್ಕೆ ನಿದ್ದೆಯ ಮೂಲದ್ದೇ ಹೆಸರು, ‘ತನ್ವೀಮ್’.

ಈ ಚರಿತ್ರೆಯಲ್ಲಿ ನಮ್ಮ ದೇಶದ ಪಾಲೂ ಇದೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್‌ಡೇಲ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇಂಥ ಸ್ಥಿತಿಯಲ್ಲಿ ಕೈದಿಯೊಬ್ಬನಿಗೆ ಶಸ್ತ್ರಚಿಕಿತ್ಸೆ ಮಾಡಿದ. ಆಮೇಲೆ ಅಂಥವು ಎಷ್ಟೋ ನಡೆದವು. ಕಲಕತ್ತೆಯಲ್ಲಿ ಅದಕ್ಕೆಂದೇ ಆಸ್ಪತ್ರೆ ತೆರೆಯಿತು. ಅಷ್ಟರಲ್ಲಿ ಈಥರ್, ಕ್ಲೋರೋಫಾರಂ ಬಂದವು, ಈ ದಾರಿ ಹಿಂದೆ ಬಿತ್ತು. ಫ್ರಾಯ್ಡ್ ಕೂಡ ಮೊದಲು ಸಮ್ಮೋಹನವನ್ನು ಬಳಸಿ ನಂತರ ಕೈಬಿಟ್ಟ. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಇದಕ್ಕೆ ಮಾನ್ಯತೆ ಬಂತು. ಬ್ರಿಟನ್ನಿನ ವೈದ್ಯ ಸಂಘ 1955ರಲ್ಲಿ, ಅಮೆರಿಕದ ವೈದ್ಯ ಸಂಘ 1958ರಲ್ಲಿ ತರಬೇತಿ ಪಡೆದವರ ಕೈಯಲ್ಲಿ ಇದಕ್ಕೆ ವೈದ್ಯಕೀಯದಲ್ಲಿ ಸ್ಥಾನವಿದೆ ಎಂದು ಒಪ್ಪಿದವು. ನೋವು, ಆತಂಕ ಕಡಿಮೆ ಮಾಡುವಲ್ಲಿ ಇದರ ಉಪಯೋಗವನ್ನು ಇಂದಿಗೂ ಒಪ್ಪುತ್ತಾರೆ. ಆದರೆ 1985ರಲ್ಲಿ ಅಮೆರಿಕದ ಅದೇ ಸಂಘದ ಪರಿಣತರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಸಮ್ಮೋಹನದಲ್ಲಿ ನೆನಪಾದದ್ದು ಸಾಧಾರಣ ನೆನಪಿಗಿಂತ ಹೆಚ್ಚು ನಿಜವೇನಲ್ಲ, ಅದರಲ್ಲಿ ಕಟ್ಟಿಕೊಂಡದ್ದೂ ಸೇರುತ್ತದೆ ಎಂದು. ಈ ಎಚ್ಚರಿಕೆಯನ್ನು ನಾವು ಓದಿದ್ದೆವು. ಓದಿಯೂ ಮರೆತೆವು.

ಹೈದರಾಬಾದಿನ ಆ ಅಮ್ಮನಿಗೆ ಐವತ್ತೈದರ ವಯಸ್ಸಿರಬಹುದು. ಮನೆಮಾತು ತೆಲುಗು, ನಮ್ಮೊಡನೆ ಮಾತಾಡಿದ್ದು ಹೈದರಾಬಾದಿ ಉರ್ದುವಿನಲ್ಲಿ. ಮೊದಲ ದಿನ ಸಮ್ಮೋಹನದ ಸುದ್ದಿಯನ್ನೇ ಎತ್ತಲಿಲ್ಲ. ಫಿಟ್ಸ್ ಇದೆಯೇ, ಮನೆಯಲ್ಲಿ ಯಾರಿಗಾದರೂ ಮನೋರೋಗ ಇತ್ತೇ, ಯಾವ ಮಾತ್ರೆ ನಡೆದಿದೆ ಎಂದು ಕೇಳಿ ಬರೆದುಕೊಂಡರು. ನಾವು “ನಮಗೆ ನಿದ್ದೆ ಬರುವುದಿಲ್ಲ, ನಮ್ಮಿಂದ ತಪ್ಪಾಗಿದೆ” ಎಂದಾಗ ಕನ್ನಡಕದ ಮೇಲಿಂದ ನೋಡಿ, “ನಾವು ಅಂದರೆ ಯಾರು ಯಾರು?” ಎಂದರು. ನಗು ಬಂತು. ಉತ್ತರ ಮಾತ್ರ ಬರಲಿಲ್ಲ.

ಹಿಂದಿನ ಜನ್ಮಕ್ಕೆ ಕರೆದೊಯ್ಯುತ್ತೀರಾ ಎಂದು ಸ್ವಲ್ಪ ಭಯದಿಂದಲೇ ಕೇಳಿದೆವು. ಟಿ.ವಿ.ಯಲ್ಲಿ ಅಂಥ ಕಾರ್ಯಕ್ರಮ ಬಂದಿತ್ತಲ್ಲ. “ಈ ಜನ್ಮದ್ದೇ ಮುಗಿದಿಲ್ಲ, ಹಿಂದಿನದೇಕೆ?” ಎಂದರು. ಇದು ನಿದ್ದೆಯಲ್ಲ, ನಿಮಗೆ ಎಲ್ಲ ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಕಣ್ಣು ತೆರೆಯಬಹುದು, ನಿಮ್ಮ ಇಚ್ಛೆಗೆ ವಿರುದ್ಧವಾಗಿ ನಾನೇನೂ ಮಾಡಿಸಲಾರೆ ಎಂದು ಹೇಳಿ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ಎರಡನೆಯ ಭೇಟಿಯಲ್ಲಿ ಶುರುವಾಯಿತು. ಒರಗು ಕುರ್ಚಿ, ಮಂದ ಬೆಳಕು. ಗೋಡೆಯ ಮೇಲಿನ ಒಂದು ಬಿಂದುವನ್ನು ನೋಡುತ್ತ ಉಸಿರು ಎಣಿಸಬೇಕು. ರೆಪ್ಪೆ ಭಾರವಾದಾಗ ಮುಚ್ಚಬೇಕು. ಮೆಟ್ಟಿಲು ಇಳಿದಂತೆ ಹತ್ತರಿಂದ ಒಂದಕ್ಕೆ ಬರಬೇಕು. ಆಮೇಲೆ ನಿಮಗೆ ಅತ್ಯಂತ ನೆಮ್ಮದಿ ಇದ್ದ ಜಾಗವೊಂದಕ್ಕೆ ಹೋಗಿ ಎಂದರು.

ನಾವು ಹೋದದ್ದು ಅಬ್ಬಾನ ಕಾರಖಾನೆಗೆ. ಬಿದ್ರಿ ಕೆಲಸ ನೋಡಿದವರಿಗೆ ಗೊತ್ತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಜ್ಜಿ ನಯಮಾಡಿ, ಮೈಲುತುತ್ತು ಸವರಿ, ಆ ಕಪ್ಪಿನ ಮೇಲೆ ಉಳಿಯಿಂದ ಹೂಬಳ್ಳಿ ಕೊರೆಯುತ್ತಾರೆ. ಕೊರೆದ ಗೆರೆಗೆ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ, ಬಿಸಿಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಬೆಳ್ಳಗೆ ಉಳಿಯುತ್ತದೆ. ನಾವು ಚಿಕ್ಕವರಿದ್ದಾಗ ಆ ಕೊನೆಯ ಗಳಿಗೆಯನ್ನು ನೋಡಲು ಬಾಗಿಲಲ್ಲಿ ಕೂಡುತ್ತಿದ್ದೆವು. ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಾಗ ನವಸಾಗರದ ಘಾಟು ಮೂಗಿಗೆ ಹತ್ತಿತು. ಅಬ್ಬಾ ಬೆನ್ನು ತಿರುಗಿಸಿ ಕೂತು ಬಡಿಯುತ್ತಿದ್ದರು. ಬಹಳ ಹಿತವಾಗಿತ್ತು. ಅಷ್ಟರಲ್ಲಿ ಮೂಲೆಯ ಕಡೆ ಕಣ್ಣು ಹೋಯಿತು. ಕೋಟೆಯ ಮಣ್ಣಿನ ಚೀಲ. ಅದರ ಕೆಳಗೆ ಲಕೋಟೆಯ ತುದಿ.

ಅಷ್ಟು ವರ್ಷ ನೆಮ್ಮದಿಯ ಜಾಗವೆಂದುಕೊಂಡಿದ್ದು ನಾವು ಕಳ್ಳಮಾಲು ಇಟ್ಟಿದ್ದ ಜಾಗವೇ ಆಗಿತ್ತು. ಕುರ್ಚಿಯಲ್ಲಿಯೇ ಅತ್ತುಬಿಟ್ಟೆವು. ಮಗ್ರಿಬ್ ಹೊತ್ತಿನ ಬಸ್ಸಿಗೆ ಬೀದರಕ್ಕೆ ವಾಪಸು ಬರುವಾಗ ಜಹೀರಾಬಾದಿನವರೆಗೂ ಕೈ ನಡುಗುತ್ತಿತ್ತು.

ಮುಂದಿನ ಮೂರು ಭೇಟಿಗಳಲ್ಲಿ ಆ ಅಮ್ಮ ನಮ್ಮನ್ನು ಆ ದಿನಕ್ಕೆ ಕರೆದೊಯ್ದರು. ನಾವು ನಡೆದ ಓಣಿ, ಟಾಕೀಸಿನ ಗಲಾಟೆ, ಸುರಿಯುವ ಮಳೆ, ಮಳೆಯಲ್ಲಿ ತೊಯ್ದ ಲಕೋಟೆ, ಬಾಗಿಲಲ್ಲಿ ಹಸಿರು ದುಪಟ್ಟಾ ಹೊದ್ದು ನಿಂತ ಆಪಾ. ಎಲ್ಲವೂ ಸಿನೆಮಾದಂತೆ ಸ್ಪಷ್ಟ. ಕೊನೆಯ ಸಲ ಅವರು, ಈಗ ಆ ಹುಡುಗನ ಪಕ್ಕದಲ್ಲಿ ಇವತ್ತಿನ ನೀವು ನಿಲ್ಲಿ, ಅವನಿಗೆ ಏನು ಹೇಳಬೇಕೋ ಹೇಳಿ ಎಂದರು. ನಾವು ಹದಿಮೂರರ ಹುಡುಗನ ಹೆಗಲ ಮೇಲೆ ಕೈಯಿಟ್ಟೆವು. ಅವನನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೋಗಿ, ನಮ್ಮ ಜೇಬಿನ ದುಡ್ಡು ಕೊಟ್ಟು, ಲಕೋಟೆ ರಿಜಿಸ್ಟರ್ ಮಾಡಿಸಿದೆವು. ರಸೀದಿ ಕೈಗೆ ಬಂತು. ಎಚ್ಚರಗೊಂಡಾಗ ಎದೆಯ ಮೇಲಿನ ಭಾರ ಇಳಿದಂತಿತ್ತು. ಆ ರಾತ್ರಿ ಏಳು ತಾಸು ನಿದ್ದೆ. ಮರುದಿನವೂ. ಅದರ ಮರುದಿನವೂ.

ಹದಿನೈದು ದಿನ ಸುಖವಾಗಿದ್ದೆವು. ಸುಳ್ಳು ಹೇಳುವುದೇಕೆ, ಈ ಚಿಕಿತ್ಸೆಯ ಬಗ್ಗೆ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆವು.

ಆಮೇಲೆ ಒಂದು ಜುಮ್ಮಾದ ದಿನ ಆಪಾಳ ಫೋನು ಬಂತು. ಏನೋ ಮನೆಮಾತು. ನಡುವೆ, ಕಿರಿ ಮಗಳು ಬಿ.ಎ. ಮುಗಿಸುತ್ತಿದ್ದಾಳೆ, ಶಿಕ್ಷಕಿಯಾಗುತ್ತೇನೆ ಅಂತಾಳೆ ಎಂದಳು. ದನಿಯಲ್ಲಿ ಹೆಮ್ಮೆಯೂ ಇತ್ತು, ಅಳುಕೂ ಇತ್ತು. ಫೋನು ಇಟ್ಟ ಮೇಲೆ ಹೊಳೆಯಿತು: ನಾವು ಹೈದರಾಬಾದಿನ ಕುರ್ಚಿಯಲ್ಲಿ ಕೂತು ಹಾಕಿದ ಆ ಲಕೋಟೆ ಯಾರನ್ನೂ ಮುಟ್ಟಿಲ್ಲ. ರಸೀದಿ ನಮಗೆ ಸಿಕ್ಕಿದೆ, ಅಷ್ಟೇ. ಯಾರ ಅರ್ಜಿಯಾಗಿತ್ತೋ ಅವಳಿಗೆ ಇನ್ನೂ ಏನೂ ಗೊತ್ತಿಲ್ಲ.

ನಮ್ಮ ಧರ್ಮದಲ್ಲಿ ‘ಹುಕೂಕುಲ್ ಇಬಾದ್’ ಎಂಬ ಮಾತಿದೆ, ಮನುಷ್ಯರಿಗೆ ಮನುಷ್ಯರ ಮೇಲಿರುವ ಹಕ್ಕು. ದೇವರ ವಿಷಯದಲ್ಲಿ ಮಾಡಿದ ತಪ್ಪಿಗೆ ದೇವರಲ್ಲಿ ತೌಬಾ ಮಾಡಬಹುದು. ಮನುಷ್ಯನಿಗೆ ಮಾಡಿದ ಅನ್ಯಾಯಕ್ಕೆ ಆ ಮನುಷ್ಯನ ಹತ್ತಿರವೇ ಹೋಗಬೇಕು. ಮದ್ರಸಾದ ಚಿಕ್ಕ ಮಕ್ಕಳಿಗೂ ಕಲಿಸುವ ಪಾಠ. ಅದನ್ನು ನಾವು ಸಮ್ಮೋಹನದ ಕುರ್ಚಿಯಿಂದ ದಾಟಿಬಿಡಲು ನೋಡಿದ್ದೆವು.

ಕೊನೆಯ ಭೇಟಿಯಲ್ಲಿ ಇದನ್ನು ಹೇಳಿದಾಗ ಆ ಅಮ್ಮ ಬೇಸರಪಡಲಿಲ್ಲ. “ನಾನು ಮಾಡಿದ್ದು ನಿಮ್ಮ ಭಯ ಇಳಿಸುವ ಕೆಲಸ. ಸಾಲ ತೀರಿಸುವ ಕೆಲಸ ನನ್ನದಲ್ಲ” ಎಂದರು. ನಂತರ ಒಂದು ಮಾತು ಸೇರಿಸಿದರು: “ಹೇಳುವ ಮೊದಲು ಯೋಚಿಸಿ. ನಿಮ್ಮ ಭಾರ ಇಳಿಸಿಕೊಳ್ಳಲು ಹೋಗಿ ಅವರ ತಲೆಗೆ ಹೊರಿಸಬೇಡಿ.” ಆ ಮಾತು ನಮ್ಮನ್ನು ಎರಡು ತಿಂಗಳು ಮನೆಯಲ್ಲೇ ಕೂರಿಸಿತು. ನೆಪವೂ ಆಯಿತು, ಪ್ರಶ್ನೆಯೂ ಆಯಿತು. ಕೊನೆಗೆ, ಆಪಾಳಿಗೆ ಸೇರಿದ ಒಂದು ಸತ್ಯವನ್ನು ಅವಳ ಒಳ್ಳೆಯದಕ್ಕೆಂದು ನಾವು ಇಟ್ಟುಕೊಳ್ಳುವುದು ಇನ್ನೊಂದು ಲಕೋಟೆಯನ್ನು ಬಚ್ಚಿಟ್ಟಂತೆಯೇ ಎನಿಸಿತು. 2023ರ ಚಳಿಗಾಲದಲ್ಲಿ ಒಂದು ಮುಂಜಾನೆ ಔರಾದ್ ಬಸ್ಸು ಹತ್ತಿದೆವು.

ಜನವಾಡ ದಾಟಿ, ಮಾಂಜ್ರಾ ಸೇತುವೆ ದಾಟಿ, ಸಂತಪುರ ಬಂದು ಹೋಗುವವರೆಗೂ ಹೇಗೆ ಶುರುಮಾಡಬೇಕೆಂದು ವಾಕ್ಯ ಕಟ್ಟುತ್ತಿದ್ದೆವು. ಇಕ್ಕೆಲದಲ್ಲಿ ತೊಗರಿ ಹೊಲ. ನೂರಾರು ಕತೆಗಳಿಗೆ ಮೊದಲ ವಾಕ್ಯ ಬರೆದವರಿಗೆ ಇದೊಂದಕ್ಕೆ ಬರಲಿಲ್ಲ.

ದೂಲಾಭಾಯಿ ಅಂಗಡಿಯಲ್ಲಿದ್ದರು. ಆಪಾ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾವು ಪಕ್ಕದಲ್ಲಿ ಮಣೆಯ ಮೇಲೆ ಕೂತು ಹೇಳಿದೆವು. “ಆಪಾ, ಆ ಟಿ.ಸಿ.ಎಚ್. ಅರ್ಜಿ ನಾನು ಹಾಕಲಿಲ್ಲ. ದುಡ್ಡು ಪಿಕ್ಚರಿಗೆ ಹೋಯಿತು. ಲಕೋಟೆ ನಾನೇ ಸುಟ್ಟೆ.”

ರೊಟ್ಟಿ ಬಡಿಯುವ ಕೈ ನಿಂತಿತು. “ಕ್ಯಾ ಬೋಲ್‌ರಾ ರೇ ತೂ?” ಎಂದಳು. ಮತ್ತೊಮ್ಮೆ ಹೇಳಿದೆವು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅವಳು ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ.

“ಅರ್ಜಿ ಹೋಗಿಲ್ಲ ಅಂತ ನನಗೆ ಆವಾಗಲೇ ಗೊತ್ತಿತ್ತು” ಎಂದಳು ಬಹಳ ಹೊತ್ತಿನ ಮೇಲೆ. “ನನ್ನ ಜೊತೆ ಅರ್ಜಿ ಹಾಕಿದವರಿಗೆಲ್ಲ ಉತ್ತರ ಬಂತು, ನನಗೊಬ್ಬಳಿಗೆ ಬರಲಿಲ್ಲ. ರಸೀದಿ ಇರಲಿಲ್ಲ. ಅಬ್ಬಾನ್ನ ಕೇಳಿದೆ, ಕಾಗದ ಬರೆದು ವಿಚಾರಿಸೋಣ ಅಂತ. ಹೋಗಲಿ ಬಿಡು, ನಸೀಬ್ ಅಂದರು. ಆವಾಗ ನನಗೆ ಅನಿಸಿತು, ಸಹಿ ಹಾಕಿದ್ದು ನನ್ನ ಬಾಯಿ ಮುಚ್ಚೋಕೆ, ಹಿಂದಿನಿಂದ ನಿನಗೆ ಹಾಕಬೇಡ ಅಂತ ಅವರೇ ಹೇಳಿದ್ದಾರೆ. ನೀನು ಚಿಕ್ಕವನು, ಅಬ್ಬಾ ಹೇಳಿದ್ದು ಮಾಡಿದ್ದಿ. ನಿನ್ನ ಮೇಲೆ ಒಂದು ದಿನವೂ ಸಿಟ್ಟು ಬರಲಿಲ್ಲ.”

ನಮಗೆ ಮಾತು ಹೊರಡಲಿಲ್ಲ. ಅಬ್ಬಾ ತೀರಿಕೊಂಡದ್ದು 2009ರಲ್ಲಿ. ಕೊನೆಯ ಕಾಯಿಲೆಯಲ್ಲಿ ಆಪಾಳನ್ನು ಕರೆಸಿ ಎಂದು ಎರಡು ಸಲ ಹೇಳಿದ್ದರು. ಅವಳು ಮಕ್ಕಳ ಪರೀಕ್ಷೆ ಎಂದು ಹೇಳಿ ನಾಲ್ಕು ದಿನ ತಡಮಾಡಿ ಬಂದಳು. ಬರುವಷ್ಟರಲ್ಲಿ ಅವರಿಗೆ ಗುರುತು ಹಿಡಿಯುವ ಶಕ್ತಿ ಇರಲಿಲ್ಲ. ಮಗಳಿಗೆ ಮನೆ ಸಂಸಾರದ ತಾಪತ್ರಯ ಎಂದು ನಾವೇ ಅಮ್ಮಿಯನ್ನು ಸಮಾಧಾನಪಡಿಸಿದ್ದೆವು. ಆ ನಾಲ್ಕು ದಿನಗಳ ಹಿಂದೆ ಏನಿತ್ತೆಂದು ಆ ಅಡುಗೆಮನೆಯಲ್ಲಿ ತಿಳಿಯಿತು.

“ಪರೀಕ್ಷೆ ಇರಲಿಲ್ಲ” ಎಂದಳು ಆಪಾ. ಅಷ್ಟೇ ಹೇಳಿದಳು.

ಇನ್ನೊಂದು ವಿಷಯವನ್ನೂ ಇಲ್ಲಿ ದಾಖಲಿಸಬೇಕು. ಏನಾದರೂ ಆಡಬೇಕೆಂದು ನಾವು, ಅವತ್ತು ಮಳೆ ಸುರಿಯುತ್ತಿತ್ತು, ನೀನು ಹಸಿರು ದುಪಟ್ಟಾ ಹೊದ್ದು ಬಾಗಿಲಲ್ಲಿ ನಿಂತಿದ್ದೆ ಎಂದೆವು. ಅವಳು ನಮ್ಮ ಮುಖ ನೋಡಿದಳು. “ಮಳೆ ಎಲ್ಲಿಯದು? ಮಿರಗ ಇನ್ನೂ ಬಂದಿರಲಿಲ್ಲ. ಉರಿಬಿಸಿಲು. ಉಪ್ಪಿನಕಾಯಿಯ ಹೋಳು ಒಣಹಾಕಿದ್ದೆ, ನಾನು ಮಾಳಿಗೆಯ ಮೇಲಿದ್ದೆ. ಹಸಿರು ದುಪಟ್ಟಾ ನನ್ನ ಹತ್ತಿರ ಇರಲೇ ಇಲ್ಲ.” ಸಮ್ಮೋಹನದಲ್ಲಿ ಸಿನೆಮಾದಂತೆ ಕಂಡದ್ದರಲ್ಲಿ ಲಕೋಟೆಯೊಂದು ನಿಜ. ಮಳೆ, ದುಪಟ್ಟಾ, ಬಾಗಿಲು ನಾವು ಬರೆದ ಯಾವುದೋ ಕತೆಯಿಂದ ಬಂದು ಸೇರಿಕೊಂಡಿದ್ದವು. ಎಲಿಜಬೆತ್ ಲಾಫ್ಟಸ್ ಎಂಬ ಮನಶ್ಶಾಸ್ತ್ರಜ್ಞೆ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಲ್ಯದಲ್ಲಿ ಅಂಗಡಿಗಳ ಸಂಕೀರ್ಣದಲ್ಲಿ ಕಳೆದುಹೋಗಿದ್ದೆ ಎಂಬ ನಡೆಯದ ಸಂಗತಿಯನ್ನು 24 ಜನರಿಗೆ ಸೂಚಿಸಿದಾಗ ಸುಮಾರು ಕಾಲು ಭಾಗದವರು ಅದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ‘ನೆನಪಿಸಿಕೊಂಡರು’. ಅಲ್ಲಿ ಸಮ್ಮೋಹನವೂ ಇರಲಿಲ್ಲ, ಬರಿ ಮಾತು. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ, ತೆಗೆದಾಗಲೆಲ್ಲ ಮತ್ತೆ ಬರೆಯುವ ಚಿತ್ರ. ನಮ್ಮ ಕೋರ್ಟುಗಳೂ ಇಂಥದರ ಬಗ್ಗೆ ಯೋಚಿಸಿವೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದಿತು. ಮಂಪರಿನಲ್ಲಿ ಆಡಿದ್ದೆಲ್ಲ ಸತ್ಯವಲ್ಲ ಎಂಬ ಅರಿವೂ ಆ ವಾದದಲ್ಲಿತ್ತು.

ಆಪಾ ಅವತ್ತು ಊಟಕ್ಕೆ ಬಡಿಸಿದಳು. ತಾನು ಉಣ್ಣಲಿಲ್ಲ. ಹೊರಡುವಾಗ, “ಇನ್ನು ಸ್ವಲ್ಪ ದಿನ ಬರಬೇಡ. ನಾನೇ ಫೋನ್ ಮಾಡ್ತೀನಿ” ಎಂದಳು. ಅವಳ ದನಿ ಜೋರಾಗಿರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳ ಸಿಟ್ಟು ಬರಬೇಕಾದವರಿಗೆ ಬಂದಿತ್ತು.

ಆರು ತಿಂಗಳು ಫೋನು ಬರಲಿಲ್ಲ. ಈದ್‌ಗೂ ಬರಲಿಲ್ಲ. ನಿದ್ದೆ ಮತ್ತೆ ಕೆಟ್ಟಿತು. ಆದರೆ ಈ ಸಲದ ಎಚ್ಚರಕ್ಕೂ ಹಿಂದಿನದಕ್ಕೂ ವ್ಯತ್ಯಾಸವಿತ್ತು. ಮೊದಲು ಬಚ್ಚಿಟ್ಟಿದ್ದು ಬಯಲಾದೀತೆಂಬ ದಿಗಿಲು. ಈಗ, ನಮ್ಮಿಂದ ಒಬ್ಬಳು ಮಗಳು ತಂದೆಯನ್ನು ತಪ್ಪು ತಿಳಿದು ಬದುಕಿದಳಲ್ಲ, ನಾಲ್ಕು ದಿನ ತಡಮಾಡಿದ ಹಳಹಳಿ ಇನ್ನು ಅವಳಿಗೂ ಅಂಟಿತಲ್ಲ ಎಂಬ ದುಃಖ. ಆ ಅಮ್ಮ ಹೇಳಿದ್ದ ಎಚ್ಚರಿಕೆ ಸುಳ್ಳಾಗಲಿಲ್ಲ. ಹೇಳಿದ್ದು ಸರಿಯೇ ಎಂದು ಯಾರಾದರೂ ಕೇಳಿದರೆ, ಸರಿ ಎಂದೇ ಹೇಳುತ್ತೇವೆ. ಸುಲಭವಾಯಿತೇ ಎಂದರೆ, ಇಲ್ಲ.

ಹಾಗಾದರೆ ಸಮ್ಮೋಹನ ಚಿಕಿತ್ಸೆಯಿಂದ ಉಪಯೋಗವಾಯಿತೋ ಇಲ್ಲವೋ ಎಂದು ಗೆಳೆಯರು ಕೇಳುತ್ತಾರೆ. ಆಯಿತು. ಆ ಕುರ್ಚಿಯಲ್ಲಿ ಕೂರದಿದ್ದರೆ ನಾವು ಔರಾದಿನ ಬಸ್ಸು ಹತ್ತುತ್ತಿರಲಿಲ್ಲ. ಮಣ್ಣಿನ ಚೀಲದ ಕೆಳಗಿನದನ್ನು ನೋಡುವ ಧೈರ್ಯ ಅಲ್ಲಿ ಬಂತು. ಆದರೆ ಅಲ್ಲಿ ಕಂಡದ್ದನ್ನೆಲ್ಲ ಸತ್ಯವೆಂದು ನಂಬಿದ್ದು, ಅಲ್ಲಿ ಸಿಕ್ಕ ಸಮಾಧಾನವನ್ನೇ ಕ್ಷಮೆ ಎಂದುಕೊಂಡದ್ದು ನಮ್ಮ ತಪ್ಪು. ಇಂಥ ಕಷ್ಟದಲ್ಲಿರುವ ಓದುಗರು ಗೋಡೆಯ ಮೇಲಿನ ಜಾಹೀರಾತಿನವರ ಹತ್ತಿರ ಹೋಗದೆ ಮೊದಲು ಮನೋವೈದ್ಯರನ್ನು ಕಾಣಬೇಕು.  ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಿಂದ ಟೆಲಿ ಮಾನಸ್ 14416 ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಯಾಗಿ ಬರೆದವರ ದೊಡ್ಡ ಪರಂಪರೆಯೂ ಇದೆ. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಾಚಿಕೊಳ್ಳುವಂಥದ್ದು ಏನೂ ಇಲ್ಲ.

2024ರಲ್ಲಿ, ಮಳೆಗಾಲ ಕಳೆದ ಮೇಲೆ, ಒಂದು ಸಂಜೆ ಆಪಾಳ ಫೋನು ಬಂತು. ಸಲಾಮ್ ಹೇಳಿ ನೇರ ವಿಷಯಕ್ಕೆ ಬಂದಳು. “ಹುಡುಗಿಯ ಬಿ.ಎಡ್. ಅರ್ಜಿ ತುಂಬಬೇಕು. ಇಲ್ಲಿ ಅಂಗಡಿಯವರು ತುಂಬಿಕೊಡ್ತಾರೆ, ನನಗೆ ನಂಬಿಕೆ ಇಲ್ಲ. ನೀನು ಬಾ. ನನ್ನ ಕಣ್ಣ ಮುಂದೆ ತುಂಬು.”

ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆವು. ಸೊಸೆ ಪಕ್ಕದಲ್ಲಿ ಕೂತು ಅಂಕಪಟ್ಟಿಗಳನ್ನು ಒಂದೊಂದಾಗಿ ಕೊಟ್ಟಳು. “ಮಾಮು, ಹೆಸರಿನ ಸ್ಪೆಲ್ಲಿಂಗ್ ಸರಿಯಾಗಿ ಹಾಕಿ” ಎಂದಳು. ಆಪಾ ನಮ್ಮ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಶುಲ್ಕ ಕಟ್ಟಲು ನಾವು ಫೋನು ತೆಗೆದರೆ, “ನಕ್ಕೋ” ಎಂದು ತಡೆದಳು. ಮಗಳ ಖಾತೆಯಿಂದ ತಾನೇ ಕಟ್ಟಿಸಿದಳು. ಅರ್ಜಿ ಹೋಯಿತು ಎಂದೆವು.

“ರಸೀದಿ?” ಎಂದಳು.

ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟು ತೆಗೆಸಿ ತಂದುಕೊಟ್ಟೆವು. ಆಪಾ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಅರ್ಜಿಯ ಸಂಖ್ಯೆಯನ್ನು ಬೆರಳಿಟ್ಟು ಎರಡು ಸಲ ನೋಡಿದಳು. ಮಡಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ನಂತರ ಚಹಾ ಇಡಲು ಒಳಗೆ ಹೋದಳು.